ಬೇಲಿ ನೆಗೆಯುವ ಕುದುರೆ, ಕರಿ ಹರಿಯುವ ಎತ್ತು

ಪಂದ್ಯದ ಓಟವು ಚರಿತ್ರೆಯ ವಿಷಯವಾಗಲು ತಕ್ಕುದೇ ಎಂದು ಕೆಲವರಾದರೂ ಕೇಳಿಯಾರು. ಅರಸರ ವಂಶಾವಳಿ, ಶಾಸನ, ಯುದ್ಧ, ಒಡಂಬಡಿಕೆ ಇವೇ ಚರಿತ್ರೆಯೆಂಬ ಭಾವನೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಒಂದು ನಾಡಿನ ಜನರು ಏನನ್ನು ನೋಡುವುದಕ್ಕಾಗಿ ಹೊಲಮನೆಗಳ ಕೆಲಸವನ್ನು ಬಿಟ್ಟು ಓಡಿಬರುತ್ತಾರೆ, ಯಾವ ಪ್ರಾಣಿಯ ಕಾಲಿನ ಮೇಲೆ ತಮ್ಮ ಹಣವನ್ನೋ ಮಾನವನ್ನೋ ಒಡ್ಡುತ್ತಾರೆ ಎಂಬುದನ್ನು ಅರಿತವನಿಗೆ ಆ ನಾಡಿನ ನೆಲದ ಗುಣವೂ, ಆಸ್ತಿಯ ಕಟ್ಟಳೆಯೂ, ಸೈನ್ಯದ ಸ್ಥಿತಿಯೂ ಒಂದಿಷ್ಟು ತಿಳಿಯದೆ ಇರಲಾರವು. ಆದುದರಿಂದ ಈ ಹೊತ್ತು ಒಂದೇ ಬಗೆಯ ಪಂದ್ಯವನ್ನು ಎತ್ತಿಕೊಂಡಿದ್ದೇನೆ. ಬಯಲಿನಲ್ಲಿ ನೇರವಾಗಿ ಓಡುವ ಪಂದ್ಯವಲ್ಲ; ದಾರಿಗೆ ಅಡ್ಡಲಾಗಿ ಬೇಲಿ, ಹಳ್ಳ, ಗೋಡೆಗಳನ್ನಿಟ್ಟು ಅವುಗಳನ್ನು ನೆಗೆದು ದಾಟಬೇಕಾದ ಪಂದ್ಯ. ಇಂಗ್ಲೆಂಡು ಐರ್ಲೆಂಡುಗಳಲ್ಲಿ ಚಳಿಗಾಲದುದ್ದಕ್ಕೂ ಇದೇ ಮಾತು. ಮುಗಿದ ಪಂದ್ಯಗಳ ಫಲವನ್ನೂ, ಮಾರ್ಚಿ ಏಪ್ರಿಲು ತಿಂಗಳುಗಳ ದೊಡ್ಡ ಪಂದ್ಯಗಳಲ್ಲಿ ಯಾವ ಕುದುರೆಗೆ ಎಷ್ಟು ಆಸೆಯುಂಟೆಂಬ ಲೆಕ್ಕವನ್ನೂ ಅಲ್ಲಿಯ ಪತ್ರಿಕೆಗಳು ಅಂಕಣಗಟ್ಟಲೆ ಅಚ್ಚು ಹಾಕುತ್ತವೆ. ನಮ್ಮ ಬೆಂಗಳೂರು ಮೈಸೂರುಗಳಲ್ಲಿಯೂ ಕುದುರೆಗಳು ಓಡುತ್ತವೆ, ಆದರೆ ನೆಗೆಯುವುದಿಲ್ಲ. ಇದೇಕೆ? ನೆಗೆತದ ಪಂದ್ಯಕ್ಕೆ ಸಮೀಪವಾದುದು ನಮ್ಮ ಧಾರವಾಡದ ಕಡೆಯಲ್ಲಿ ಏನಾದರೂ ಉಂಟೆ?

ಮೊದಲು ಆ ಪಂದ್ಯದ ಹುಟ್ಟನ್ನು ನೋಡೋಣ. ೧೭೫೨ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಬ್ಲೇಕ್, ಒಕ್ಯಾಲಹನ್ ಎಂಬ ಇಬ್ಬರು ಗೃಹಸ್ಥರು ಪಣ ಕಟ್ಟಿ, ಬಟಿವೆಂಟ್ ಎಂಬ ಊರಿನ ಇಗರ್ಜಿಯಿಂದ ಡೊನೆರೈಲ್ ಎಂಬ ಊರಿನ ಇಗರ್ಜಿಯವರೆಗೆ, ಸುಮಾರು ನಾಲ್ಕೂವರೆ ಮೈಲಿ, ಅಡ್ಡ ಬಂದುದನ್ನೆಲ್ಲ ನೆಗೆಯುತ್ತ ಕುದುರೆ ಓಡಿಸಿದರೆಂದು ಹೇಳಿಕೆಯುಂಟು. ದೂರದಿಂದ ಕಾಣುವ ಗುರುತೆಂದರೆ ಇಗರ್ಜಿಯ ಚೂಪುಗೋಪುರ. ಅದರ ಮೇಲೆ ಕಣ್ಣಿಟ್ಟು ಓಡುವುದರಿಂದ ಈ ಪಂದ್ಯಕ್ಕೆ ಗೋಪುರದ ಬೆನ್ನಟ್ಟುವುದು ಎಂಬರ್ಥದ ‘ಸ್ಟೀಪಲ್‌ಚೇಸು’ ಎಂಬ ಹೆಸರು ಬಂದಿತು. ಮುಂದೆ ಲಿವರ್‌ಪೂಲ್ ನಗರದ ಬಳಿಯ ಏಂಟ್ರಿ ಎಂಬ ಬಯಲಿನಲ್ಲಿ ಇದು ನೆಲೆನಿಂತಿತು. ೧೮೩೯ರ ಫೆಬ್ರವರಿಯಲ್ಲಿ ಅಲ್ಲಿ ‘ಲಾಟರಿ’ ಎಂಬ ಕುದುರೆ ಗೆದ್ದ ಪಂದ್ಯವನ್ನೇ ‘ಗ್ರ್ಯಾಂಡ್ ನ್ಯಾಷನಲ್’ ಪಂದ್ಯಮಾಲೆಯ ಆರಂಭವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅಂದು ಕ್ಯಾಪ್ಟನ್ ಬೀಚರ್ ಎಂಬ ಸವಾರನು ಬೇಲಿಯ ಆಚೆಯ ಹಳ್ಳಕ್ಕೆ ಬಿದ್ದನು. ಇಂದಿಗೂ ಆ ಬೇಲಿಗೆ ಅವನದೇ ಹೆಸರು. ಗೆದ್ದವರನ್ನು ಮರೆತು ಬಿದ್ದವನ ಹೆಸರನ್ನು ನೆಲಕ್ಕೆ ಇಟ್ಟುಕೊಂಡ ಕ್ರೀಡೆಗಳು ಹೆಚ್ಚಿರಲಾರವು.

ಈ ಬೇಲಿಗಳು ಎಲ್ಲಿಂದ ಬಂದವು ಎಂಬುದನ್ನು ವಿಚಾರಿಸಬೇಕು. ಹದಿನೆಂಟನೆಯ ಶತಮಾನದಲ್ಲಿಯೂ ಹತ್ತೊಂಬತ್ತನೆಯದರ ಮೊದಲ ಭಾಗದಲ್ಲಿಯೂ ಇಂಗ್ಲೆಂಡಿನ ಪಾರ್ಲಿಮೆಂಟು ಒಂದರ ಹಿಂದೊಂದಾಗಿ ಕಾಯಿದೆಗಳನ್ನು ಮಾಡಿ, ಊರೊಟ್ಟಿನ ಹುಲ್ಲುಗಾವಲುಗಳನ್ನೂ ತೆರೆದ ಹೊಲಗಳನ್ನೂ ಹಂಚಿ ಬೇಲಿ ಹಾಕಿಸಿತು. ಬಡ ರೈತನಿಗೆ ದನ ಮೇಯಿಸುವ ಹಕ್ಕು ಹೋಯಿತು. ಜಮೀನುದಾರನಿಗೆ ಭೂಮಿ ಗಟ್ಟಿಯಾಯಿತು. ನರಿಯನ್ನು ಬೆನ್ನಟ್ಟುವ ಶ್ರೀಮಂತನ ಕುದುರೆಗೆ ಮೊದಲು ಬೇಕಾಗಿದ್ದುದು ವೇಗವಷ್ಟೆ. ಈಗ ನೆಗೆತವೂ ಬೇಕಾಯಿತು. ಹೀಗೆ ಬಡವನ ಗೋಮಾಳವನ್ನು ಮುಚ್ಚಿದ ಬೇಲಿಯೇ ಶ್ರೀಮಂತನ ವಿನೋದಕ್ಕೆ ಸಾಧನವಾಯಿತೆಂದು ನನ್ನ ಅಭಿಪ್ರಾಯ. ಇದನ್ನು ಕ್ರೀಡೆಯ ಗ್ರಂಥಕರ್ತರು ಅಷ್ಟಾಗಿ ಹೇಳುವುದಿಲ್ಲ.

ನಮ್ಮ ನಾಡಿಗೆ ಕುದುರೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಎಣಿಸುವಾಗ ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಳಿ ವಿನೋದವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಈಗಿನ ಧಾರವಾಡ ಗದಗ ಪ್ರಾಂತಗಳು ಆಗ ಅವನ ರಾಜ್ಯದ ಒಡಲಿನಲ್ಲಿಯೇ ಇದ್ದವು. ೧೪೦೦ರ ಸುಮಾರಿಗೆ ಅಭಿನವಚಂದ್ರನೆಂಬ ಕವಿಯು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ಆದರೆ ನಮ್ಮ ಬಿಸಿಲಿನ ನೆಲದಲ್ಲಿ ಒಳ್ಳೆಯ ಯುದ್ಧಾಶ್ವಗಳು ಸಾಕಷ್ಟು ಹುಟ್ಟುತ್ತಿರಲಿಲ್ಲ. ಅರಬಸ್ಥಾನ, ಹೊರ್ಮುಜುಗಳಿಂದ ಹಡಗಿನಲ್ಲಿ ತರಿಸಬೇಕಾಗಿತ್ತು. ಭಟ್ಕಳ, ಹೊನ್ನಾವರಗಳ ರೇವುಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನೆಂದೂ, ವರ್ತಕರು ಸತ್ತುದರ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕಾಗಿತ್ತೆಂದೂ ಪೋರ್ಚುಗೀಸ ಪ್ರವಾಸಿ ನೂನಿಜನು ಬರೆದಿದ್ದಾನೆ. ಕೃಷ್ಣದೇವರಾಯನು ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜು ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದೂ ಅವನದೇ ಲೆಕ್ಕ. ಲೆಕ್ಕದಲ್ಲಿ ಅತಿಶಯವಿರಬಹುದು; ಆದರೆ ಹಂಪೆಯ ಮಹಾನವಮಿ ದಿಬ್ಬದ ಮೇಲೂ ಹಜಾರರಾಮನ ಗುಡಿಯ ಹೊರಗೋಡೆಯ ಮೇಲೂ ಸಾಲುಗಟ್ಟಿದ ಕುದುರೆಗಳನ್ನು ಕಂಡವರು ಅದನ್ನು ತೀರ ತಳ್ಳಿಹಾಕಲಾರರು. ಇಷ್ಟು ಬೆಲೆ ತೆತ್ತು ತಂದ ಪ್ರಾಣಿಯನ್ನು ವಿನೋದಕ್ಕಾಗಿ ಗೋಡೆ ನೆಗೆಯಿಸಿ ಕಾಲು ಮುರಿಯಿಸುವ ಬುದ್ಧಿ ಯಾವ ದೊರೆಗೂ ಬಂದಿರಲಾರದು.

ಧಾರವಾಡದ ನೆಲದ ಮೇಲೆ ನಿಜವಾದ ಬೆನ್ನಟ್ಟುವ ಪಂದ್ಯವೊಂದು ನಡೆದುದು ೧೮೦೦ನೆಯ ಇಸವಿಯಲ್ಲಿ. ಅದರಲ್ಲಿ ಪಣವಾಗಿದ್ದುದು ಒಂದು ರಾಜ್ಯ. ಚನ್ನಗಿರಿಯವನಾದ ಧೋಂಡಿಯ ವಾಘನು ಟೀಪು ಸುಲ್ತಾನನ ಸೆರೆಯಲ್ಲಿದ್ದು, ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಾಗ ಹೊರಬಿದ್ದವನು. ಕೆಲಸ ತಪ್ಪಿದ ಸವಾರರೆಲ್ಲ ಅವನ ಸುತ್ತ ಕೂಡಿದರು. ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ ಈ ಸಾಹಸಿಯ ಬೆನ್ನು ಹತ್ತಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದು ವೆಲಿಂಗ್ಟನ್ ಪ್ರಭುವಾದವನು. ಜೂನ್ ತಿಂಗಳ ಕೊನೆಗೆ ರಾಣೆಬೆನ್ನೂರು. ಅದೇ ವೇಳೆಗೆ ಧೋಂಡಿಯನು ಮರಾಠರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದನು. ಜುಲೈಯಲ್ಲಿ ಸವಣೂರು, ಕುಂದಗೋಳ, ಡಂಬಳ. ತಿಂಗಳ ಕೊನೆಗೆ ಮಲಪ್ರಭೆಯ ದಡದ ಮುನವಳ್ಳಿ. ನಮ್ಮ ಹುಬ್ಬಳ್ಳಿ ಧಾರವಾಡಗಳ ಸುತ್ತಣ ಊರುಗಳೇ ಇವು. ಶ್ರೋತೃಗಳಲ್ಲಿ ಈ ಭಾಗದವರಿದ್ದರೆ ಆಷಾಢ ಶ್ರಾವಣಗಳಲ್ಲಿ ಎರಿಭೂಮಿ ಹೇಗಿರುತ್ತದೆಂಬುದನ್ನು ಅವರಿಗೆ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದರೆ ಕಾಲಿಟ್ಟ ಕಡೆ ಕಾಲು ಹೂಳುವುದು. ತುಂಬಿದ ಹೊಳೆ ವಾರಗಟ್ಟಲೆ ಇಳಿಯದು. ಆ ಕೆಸರಿನಲ್ಲಿ ತೋಪುಗಳನ್ನೂ ಅಕ್ಕಿಯ ಹೇರುಗಳನ್ನೂ ಎಳೆದವು ಎತ್ತುಗಳೇ ಎಂಬುದನ್ನು ಮರೆಯಲಾಗದು. ಕೊನೆಗೆ ಸೆಪ್ಟೆಂಬರು ೧೦ರಂದು, ಕೃಷ್ಣಾ ತುಂಗಭದ್ರೆಗಳ ನಡುವಣ ಕೋಣಗಲ್ಲಿನ ಬಳಿ, ವೆಲ್ಲೆಸ್ಲಿಯು ಕಾಲಾಳುಗಳಿಗೆ ಕಾಯದೆ, ತನ್ನ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದಾಗಿ ಏರಿಹೋದನು. ಎದುರಿಗೆ ಸುಮಾರು ಐದು ಸಾವಿರ ಕುದುರೆಗಳಿದ್ದವು. ಧೋಂಡಿಯನು ಬಿದ್ದನು. ಅವನ ಎಳೆಯ ಮಗ ಸಲಾಬತ್ ಖಾನನನ್ನು ಗೆದ್ದವನೇ ತನ್ನ ಆಶ್ರಯದಲ್ಲಿಟ್ಟು ಸಾಕಿಸಿದನೆಂಬುದನ್ನು ಇಲ್ಲಿ ಹೇಳಿದರೆ ತಪ್ಪಾಗದು.

ಈ ಮೂರು ತಿಂಗಳ ಓಟದಲ್ಲಿ ಕುದುರೆಗಳು ಎದುರಿಸಿದ ಅಡ್ಡಿಗಳಲ್ಲಿ ಬೇಲಿಯ ಮಾತೇ ವಿರಳ. ಹೊಳೆ, ಕೆಸರು, ಮೇವಿನ ಅಭಾವ, ಕೋಟೆ, ಇವೇ ನಮ್ಮ ಅಡ್ಡಿಗಳು. ನಮ್ಮ ಹೊಲಗಳಿಗೆ ಬದುವಿದೆ, ಬಂದರಿಕೆಯ ಪೊದೆಯಿದೆ, ಕೆಲವೆಡೆ ಕಳ್ಳಿಯ ಸಾಲಿದೆ; ಇಂಗ್ಲೆಂಡಿನ ಹಾಗೆ ಎದೆಯೆತ್ತರದ ಹಸಿರು ಬೇಲಿಗಳಿಂದ ಚೌಕಳಿ ಹಾಕಿದ ಬಯಲು ಇಲ್ಲಿಲ್ಲ. ಎರಿಯ ಬಯಲಿನಲ್ಲಿ ನಿಂತವನಿಗೆ ಕಣ್ಣು ಹರಿಯುವವರೆಗೂ ಜೋಳ ಹತ್ತಿಗಳ ಸಮತಲವೇ. ಮಳೆಗಾಲದಲ್ಲಿ ನೆಗೆದ ಕುದುರೆ ಇಳಿದಲ್ಲೇ ಹೂತುಹೋಗುವುದು; ಬೇಸಗೆಯಲ್ಲಿ ಅಂಗೈ ಅಗಲ ಬಿರಿದ ನೆಲದ ಮೇಲೆ ಇಳಿದರೆ ಕಾಲು ಮುರಿಯುವುದು. ನೆಗೆತದ ಪಂದ್ಯಕ್ಕೆ ಬೇಕಾದುದು ಚಳಿಗಾಲದ ಸಣ್ಣ ಮಳೆಯಿಂದ ಮೆತ್ತಗಾದ ಹುಲ್ಲುನೆಲ. ಅದು ನಮಗೆ ದೇವರು ಕೊಟ್ಟುದಲ್ಲ.

ಇಂಗ್ಲೀಷರು ಪ್ರಯತ್ನ ಮಾಡದೆ ಬಿಡಲಿಲ್ಲ. ಕಲ್ಕತ್ತೆಯ ಟಾಲಿಗಂಜಿನಲ್ಲಿ ಬೇಲಿಗಳನ್ನು ಕಟ್ಟಿ ‘ಇಂಡಿಯನ್ ಗ್ರ್ಯಾಂಡ್ ನ್ಯಾಷನಲ್’ ಎಂಬ ಪಂದ್ಯವನ್ನು ನಡೆಸಿದರು. ನೀಲಗಿರಿಯ ಉದಕಮಂಡಲದಲ್ಲಿ ನರಿಯ ಬೇಟೆಯನ್ನು ಕಟ್ಟಿಕೊಂಡರು. ಅಲ್ಲಿಯ ಹುಲ್ಲಿನ ಗುಡ್ಡಗಳಲ್ಲಿಯೂ ಬೇಲಿಗಳಿಲ್ಲ. ಕಾಲಕ್ರಮದಲ್ಲಿ ಉಳಿದುದು ಬಯಲಿನ ಓಟವೇ.

ಮೈಸೂರು ಸೀಮೆಯ ಕುದುರೆಯ ಚರಿತ್ರೆಯಲ್ಲಿ ನನಗೆ ಬಹು ಪ್ರಿಯವಾದ ಕಥೆಯೊಂದುಂಟು. ೧೮೨೪ರಲ್ಲಿ ಪಾರಸಿಯ ಶಿರಾಜಿನಿಂದ ಹದಿನಾರು ವಯಸ್ಸಿನ ಹುಡುಗನೊಬ್ಬನು ಕುದುರೆಗಳ ಹಿಂಡನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದನು. ಅವನೇ ಆಗಾ ಅಲಿ ಅಸ್ಕರ್. ದಂಡಿನವರಿಗೂ, ಕಮಿಷನರಾದ ಸರ್ ಮಾರ್ಕ್ ಕಬ್ಬನ್ನರಿಗೂ, ಮೈಸೂರಿನ ಅರಮನೆಗೂ ಕುದುರೆಗಳನ್ನು ಒದಗಿಸಿ ಈ ನಾಡಿನವನೇ ಆಗಿ ನಿಂತನು. ೧೯೨೬ರಿಂದ ೧೯೪೧ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಇವನ ಮೊಮ್ಮಗನೆಂಬುದು ಹಲವರಿಗೆ ತಿಳಿದಿರಬಹುದು. ಕುದುರೆಯ ಹಿಂದೆ ನಡೆದುಬಂದ ಮನೆತನವು ರಾಜ್ಯದ ಆಡಳಿತದ ಲಗಾಮನ್ನು ಹಿಡಿಯಿತು. ಕುಣಿಗಲ್ಲಿನ ಕುದುರೆಯ ಫಾರಮ್ಮು ಹೈದರ್ ಟೀಪುಗಳ ಕಾಲದ್ದೆಂಬ ಪ್ರತೀತಿಯುಂಟು. ಮೈಸೂರು ಲ್ಯಾನ್ಸರ್ಸ್ ದಳದವರು ೧೯೧೮ರ ಸೆಪ್ಟೆಂಬರು ೨೩ರಂದು ಜೋಧಪುರದವರೊಡನೆ ಸೇರಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಭಲ್ಲೆ ಹಿಡಿದು ಕುದುರೆಯ ಮೇಲೆಯೇ ಗೆದ್ದರು. ಮೈಸೂರು ರೇಸು ಕ್ಲಬ್ಬು ೧೮೯೧ರದು, ಬೆಂಗಳೂರಿನದು ೧೯೨೧ರದು. ಬೆಂಗಳೂರಿನಲ್ಲಿ ಬೇಸಗೆಯ ಡರ್ಬಿ, ಚಳಿಗಾಲದ ಡರ್ಬಿ, ಮೈಸೂರಿನಲ್ಲಿ ಶರತ್ಕಾಲದ ಡರ್ಬಿ, ಎಲ್ಲವೂ ಬಯಲಿನ ಓಟಗಳೇ. ಕುದುರೆಯ ಪಂದ್ಯದಲ್ಲಿ ಪ್ರಧಾನವಾದುದು ಅದೃಷ್ಟವಲ್ಲ, ಚಾತುರ್ಯ ಎಂದು ೧೯೯೬ರಲ್ಲಿ ಸುಪ್ರೀಮ್ ಕೋರ್ಟು ಮದರಾಸಿನ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿತು. ಕೋರ್ಟಿನ ಮಾತನ್ನು ತಲೆಬಾಗಿ ಒಪ್ಪಬೇಕು. ಆದರೆ ಕುದುರೆಯ ಚಾತುರ್ಯದಿಂದ ಮನೆ ಕಳೆದುಕೊಂಡವನ ಹೆಂಡಿರು ಮಕ್ಕಳಿಗೆ ಈ ಭೇದದಿಂದ ಸಮಾಧಾನವಾಗುವುದೆಂದು ತೋರದು.

ಇನ್ನು ಏಂಟ್ರಿಯ ಇತ್ತೀಚಿನ ಫಲಗಳನ್ನೂ ಮುಂದಿನ ಲೆಕ್ಕದ ಬಗೆಯನ್ನೂ ಹೇಳಬೇಕು. ಗ್ರ್ಯಾಂಡ್ ನ್ಯಾಷನಲ್ ಪಂದ್ಯದ ದೂರ ನಾಲ್ಕೂಕಾಲು ಮೈಲಿಗಿಂತ ಸ್ವಲ್ಪ ಹೆಚ್ಚು. ನೆಗೆಯಬೇಕಾದ ಬೇಲಿಗಳು ಮೂವತ್ತು. ಇದು ಭಾರದ ಕಟ್ಟಳೆಯ ಪಂದ್ಯ. ಬಲಿಷ್ಠವೆಂದು ಹೆಸರಾದ ಕುದುರೆ ಹೆಚ್ಚು ತೂಕ ಹೊರಬೇಕು, ಬಡಕುದುರೆ ಕಡಮೆ. ಹೀಗೆ ಎಲ್ಲಕ್ಕೂ ಸಮಾನವಾದ ಆಸೆ ಇರಲೆಂದು ಏರ್ಪಾಡು. ಚೆಲ್ಟನ್‌ಹ್ಯಾಮಿನಲ್ಲಿ ಮಾರ್ಚಿ ತಿಂಗಳಲ್ಲಿ ನಡೆಯುವ ಗೋಲ್ಡ್ ಕಪ್ಪು ಹಾಗಲ್ಲ. ೧೯೨೪ರಿಂದ ನೆಗೆತದ ಪಂದ್ಯವಾಗಿ ನಡೆದುಬಂದ ಅದರಲ್ಲಿ ಬಡಕುದುರೆಗೆ ತೂಕದ ರಿಯಾಯಿತಿಯಿಲ್ಲ. ಮೂರೂಕಾಲು ಮೈಲಿಯ ಚಿಲ್ಲರೆ ದೂರದಲ್ಲಿ ಉತ್ತಮವಾದುದೇ ಗೆಲ್ಲಬೇಕು. ಒಂದೇ ವರ್ಷ ಎರಡನ್ನೂ ಗೆದ್ದುದು ೧೯೩೪ರಲ್ಲಿ ‘ಗೋಲ್ಡನ್ ಮಿಲ್ಲರ್’ ಒಂದೇ. ಅದು ೧೯೩೨ರಿಂದ ೧೯೩೬ರವರೆಗೆ ಐದು ವರ್ಷ ಎಡೆಬಿಡದೆ ಗೋಲ್ಡ್ ಕಪ್ಪನ್ನು ಗೆದ್ದಿತು.

ಭವಿಷ್ಯ ಹೇಳುವವರ ಬಾಯಿ ಮುಚ್ಚಿಸಿದ ವರ್ಷಗಳು ಈ ಪಂದ್ಯದಲ್ಲಿ ಅನೇಕ. ೧೯೨೮ರಲ್ಲಿ ನಲವತ್ತೆರಡು ಕುದುರೆಗಳು ಹೊರಟು, ಬೀಳದೆ ಮುಗಿಸಿದುದು ‘ಟಿಪರೇರಿ ಟಿಮ್’ ಎಂಬುದೊಂದೇ. ಅದರ ಮೇಲೆ ಒಂದಕ್ಕೆ ನೂರರ ಪಣವಿತ್ತು. ೧೯೫೬ರಲ್ಲಿ ರಾಜಮಾತೆಯ ‘ಡೆವನ್ ಲಾಕ್’ ಎಲ್ಲ ಬೇಲಿಗಳನ್ನೂ ದಾಟಿ, ಗುರಿಗೆ ಐವತ್ತು ಗಜದಷ್ಟಿರುವಾಗ, ಎದುರಿಗೆ ಏನೂ ಇಲ್ಲದೆಯೇ, ಕಾಲು ಚಾಚಿ ಕುಸಿಯಿತು. ಕಾರಣ ಇಂದಿಗೂ ನಿಶ್ಚಯವಾಗಿಲ್ಲ. ಅದರ ಸವಾರ ಡಿಕ್ ಫ್ರಾನ್ಸಿಸ್ ಮುಂದೆ ಪತ್ತೇದಾರಿ ಕಾದಂಬರಿಕಾರನಾದನು. ಅಂತಹ ಸಮಸ್ಯೆಯನ್ನು ಹೊತ್ತವನಿಗೆ ಅದು ತಕ್ಕ ಉದ್ಯೋಗವೇ. ೧೯೬೭ರಲ್ಲಿ ಇಪ್ಪತ್ತಮೂರನೆಯ ಬೇಲಿಯ ಬಳಿ ಮುಂದಿನ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಜಲಾದಾಗ, ಬಹಳ ಹಿಂದೆ ಬಿದ್ದಿದ್ದ ‘ಫಾಯ್ನಾವನ್’ ಸಂದು ನೋಡಿ ದಾಟಿ ಗೆದ್ದಿತು. ಇವೆಲ್ಲಕ್ಕೂ ಎದುರಾಗಿ ‘ರೆಡ್ ರಮ್’ ಎಂಬ ಕುದುರೆಯಿದೆ. ಗೊರಸಿನ ಎಲುಬಿನ ರೋಗದಿಂದ ನರಳುತ್ತಿದ್ದ ಅದನ್ನು ಸಮುದ್ರದ ಮರಳಿನ ಮೇಲೆ ಓಡಿಸಿ ಸಜ್ಜುಗೊಳಿಸಿದರು. ಅದು ೧೯೭೩, ೧೯೭೪, ೧೯೭೭ರಲ್ಲಿ ಗೆದ್ದು, ನಡುವಣ ಎರಡು ವರ್ಷಗಳಲ್ಲಿಯೂ ಎರಡನೆಯದಾಗಿ ಬಂದಿತು. ೧೯೯೫ರಲ್ಲಿ ಸತ್ತಾಗ ಗುರಿಯ ಕಂಬದ ಬಳಿಯಲ್ಲಿಯೇ ಅದಕ್ಕೆ ಸಮಾಧಿಯಾಯಿತು.

ಇತ್ತಲಾಗಿ ೨೦೨೧ರಲ್ಲಿ ರೇಚಲ್ ಬ್ಲ್ಯಾಕ್‌ಮೋರ್ ಎಂಬ ಐರಿಷ್ ಸವಾರಳು ‘ಮಿನೆಲ್ಲ ಟೈಮ್ಸ್’ ಮೇಲೆ ಕುಳಿತು ಗೆದ್ದು, ಗ್ರ್ಯಾಂಡ್ ನ್ಯಾಷನಲ್ ಗೆದ್ದ ಮೊದಲ ಸ್ತ್ರೀಯಾದಳು. ಮರುವರ್ಷ ಗೋಲ್ಡ್ ಕಪ್ಪನ್ನೂ ಗೆದ್ದಳು. ೨೦೨೩ರಲ್ಲಿಯೂ ೨೦೨೪ರಲ್ಲಿಯೂ ಗೋಲ್ಡ್ ಕಪ್ಪು ಗೆದ್ದ ‘ಗಾಲೊಪಿನ್ ಡೆ ಶಾಂಪ್’ ಮೂರನೆಯ ಸಲವೂ ಗೆಲ್ಲುವುದೆಂದು ಬಹುಮಂದಿ ನಂಬಿದ್ದರು. ೨೦೨೫ರಲ್ಲಿ ‘ಇನ್‌ಒದವೇಯರ್‌ಥಿಂಕಿನ್’ ಎಂಬ, ಉಚ್ಚರಿಸುವುದೇ ಒಂದು ಬೇಲಿಯಾದ, ಹೆಸರಿನ ಕುದುರೆ ಅದನ್ನು ಹಿಂದಿಕ್ಕಿತು. ಅದೇ ವರ್ಷದ ಏಪ್ರಿಲಿನಲ್ಲಿ ಏಂಟ್ರಿಯಲ್ಲಿ ‘ನಿಕ್ ರಾಕೆಟ್’ ಗೆದ್ದಿತು. ಸಜ್ಜುಗೊಳಿಸಿದವನು ವಿಲ್ಲಿ ಮಲ್ಲಿನ್ಸ್. ಸವಾರನು ಅವನ ಮಗನೇ, ಅದೂ ಸಂಬಳವಿಲ್ಲದ ಹವ್ಯಾಸಿ. ಮೊದಲ ಮೂರು ಸ್ಥಾನಗಳೂ ಆ ಒಂದೇ ಲಾಯದ ಪಾಲಾದವು. ೨೦೨೪ರಲ್ಲಿ ಗೆದ್ದಿದ್ದ ‘ಐ ಆಮ್ ಮ್ಯಾಕ್ಸಿಮಸ್’ ಈ ಸಲ ಎಲ್ಲಕ್ಕಿಂತ ಹೆಚ್ಚಿನ ೧೬೬ ಪೌಂಡು ಭಾರ ಹೊತ್ತು ಎರಡನೆಯದಾಯಿತು. ಗೆದ್ದುದರ ಬೆನ್ನ ಮೇಲಿದ್ದುದು ೧೬೨. ಮುಂಬರುವ ಪಂದ್ಯಗಳ ಆಸೆಯನ್ನು ತೂಗುವವನು ಇದನ್ನು ನೆನಪಿಡತಕ್ಕದ್ದು. ನಡೆದ ಫಲಕ್ಕಿಂತಲೂ ಹೊತ್ತ ಭಾರ, ನೆಲದ ತೇವ, ನಾಲ್ಕು ಮೈಲಿಯ ಮೇಲೂ ಉಸಿರು ಉಳಿಯುವ ತ್ರಾಣ, ಕಾಲಿನ ಎಚ್ಚರ ಇವೇ ಅಲ್ಲಿ ನಿರ್ಣಾಯಕ. ಇಷ್ಟನ್ನೂ ಸರಿಯಾಗಿ ತೂಗಿದ ಮೇಲೂ ಎದುರಿನ ಕುದುರೆ ಬಿದ್ದು ದಾರಿ ಕಟ್ಟಿದರೆ ಎಲ್ಲವೂ ವ್ಯರ್ಥ.

ಆದರೆ ಈ ಪಂದ್ಯದಲ್ಲಿ ಸೋಲುವುದೆಂದರೆ ಹಿಂದೆ ಬೀಳುವುದಷ್ಟೇ ಅಲ್ಲ. ೨೦೨೩ರಲ್ಲಿ ‘ಹಿಲ್ ಸಿಕ್ಸ್‌ಟೀನ್’ ಎಂಬ ಕುದುರೆ ಮೊದಲನೆಯ ಬೇಲಿಯಲ್ಲಿಯೇ ಬಿದ್ದು ಸತ್ತಿತು. ಅದರ ಮರುವರ್ಷದಿಂದ ಓಡುವ ಕುದುರೆಗಳ ಸಂಖ್ಯೆಯನ್ನು ನಲವತ್ತರಿಂದ ಮೂವತ್ತನಾಲ್ಕಕ್ಕೆ ಇಳಿಸಿ, ಮೊದಲ ಬೇಲಿಯನ್ನು ಹೊರಡುವ ಗೆರೆಗೆ ಹತ್ತಿರ ತಂದರು. ಕುದುರೆಗಳು ಅತಿವೇಗದಲ್ಲಿ ಅದನ್ನು ಮುಟ್ಟಬಾರದೆಂಬುದು ಉದ್ದೇಶ. ಆಸ್ಟ್ರೇಲಿಯದಲ್ಲಿ ನ್ಯೂ ಸೌತ್ ವೇಲ್ಸು ಪ್ರಾಂತವು ೧೯೯೭ರಲ್ಲಿಯೇ ನೆಗೆತದ ಪಂದ್ಯವನ್ನು ಕಾನೂನಿನಿಂದ ನಿಲ್ಲಿಸಿತು. ಸೌತ್ ಆಸ್ಟ್ರೇಲಿಯವು ೨೦೨೨ರಲ್ಲಿ. ಬೇಲಿಯಿಲ್ಲದ ಪಂದ್ಯ ಸಪ್ಪೆಯೆನ್ನುವವರೂ, ಪ್ರಾಣಿಯ ಪ್ರಾಣದಿಂದ ರುಚಿಗೊಳಿಸಿದ ಪಂದ್ಯ ಬೇಡವೆನ್ನುವವರೂ ಅಲ್ಲಿ ಬಹುಕಾಲದಿಂದ ವಾದಿಸುತ್ತಿದ್ದಾರೆ. ನನ್ನ ಮನಸ್ಸು ಎರಡನೆಯವರ ಕಡೆಗೆ ವಾಲುವುದು. ಆದರೂ ರೆಡ್ ರಮ್ಮಿನ ಚಲನಚಿತ್ರವನ್ನು ನೋಡುವಾಗ ಮೈ ಜುಮ್ಮೆನ್ನದೆ ಇರದೆಂಬುದನ್ನೂ ಮುಚ್ಚಿಡಲಾರೆ.

ಇಲ್ಲಿಗೆ ಧಾರವಾಡದ ಸೀಮೆಗೆ ಹಿಂದಿರುಗಬಹುದು. ಜ್ಯೇಷ್ಠ ಮಾಸದ ಹುಣ್ಣಿಮೆ ನಮಗೆ ಕಾರ ಹುಣ್ಣಿಮೆ. ಕಾರು ಎಂದರೆ ಮಳೆಗಾಲ. ಮೃಗಶಿರೆಯ ಮಳೆ ಬಿದ್ದು, ಮುಂಗಾರಿ ಬಿತ್ತನೆ ಕೈಗೆ ಬರುವ ಹೊತ್ತು. ಹಿಂದಿನ ದಿನ ಹೊನ್ನುಗ್ಗಿ. ಅಂದು ಎತ್ತುಗಳಿಗೆ ವಿಶ್ರಾಂತಿ, ಉಪಚಾರ. ಹುಣ್ಣಿಮೆಯ ದಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊಂಬೆಣಸು ತೊಡಿಸಿ, ಹಣೆಗೆ ಪಟ್ಟಿ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು ಹಾಕಿ ಸಿಂಗರಿಸುತ್ತಾರೆ. ಮನೆಯಲ್ಲಿ ಮಾಡಿದ ಕೋಡುಬಳೆಯನ್ನು ಎತ್ತಿನ ಕೋಡಿಗೂ ಏರಿಸುವುದುಂಟು. ಹೆಸರೇ ಅದನ್ನು ಹೇಳುವಂತಿದೆ. ಸಂಜೆ ಊರ ಅಗಸಿಗೆ ಅಡ್ಡಲಾಗಿ, ಬೇವಿನ ಸೊಪ್ಪನ್ನೂ ಕೊಬ್ಬರಿಯ ಬಟ್ಟಲುಗಳನ್ನೂ ಸೇರಿಸಿ ಹೆಣೆದ ಹಗ್ಗವೊಂದನ್ನು ಕಟ್ಟುತ್ತಾರೆ. ಇದೇ ಕರಿ. ಎತ್ತುಗಳನ್ನು ದೂರದಿಂದ ಓಡಿಸಿಕೊಂಡು ಬರುತ್ತಾರೆ. ತಮಟೆ ಹಲಗೆಗಳ ಸದ್ದು, ಜನರ ಕೂಗು. ಮುಂದಾಗಿ ಬಂದು ಆ ಕರಿಯನ್ನು ಹರಿದ ಎತ್ತು ಗೆದ್ದಿತು. ಗೋಪುರಕ್ಕೆ ಕಣ್ಣಿಟ್ಟು ಓಡಿದ ಐರ್ಲೆಂಡಿನ ಆ ಇಬ್ಬರು ಗೃಹಸ್ಥರು ಇದನ್ನು ಕಂಡಿದ್ದರೆ ಗುರುತು ಹಿಡಿಯದೆ ಇರುತ್ತಿರಲಿಲ್ಲ. ಅಲ್ಲಿ ಇಗರ್ಜಿಯ ಗೋಪುರ, ಇಲ್ಲಿ ಊರ ಅಗಸಿ. ಅಲ್ಲಿ ಬೇಲಿ, ಇಲ್ಲಿ ಬೇವಿನ ತೋರಣ.

ಭೇದವಿರುವುದು ಫಲ ಮತ್ತು ಭವಿಷ್ಯಗಳ ಸಂಬಂಧದಲ್ಲಿ. ಇಂಗ್ಲೆಂಡಿನವನು ಹಿಂದಿನ ಪಂದ್ಯದ ಫಲವನ್ನು ನೋಡಿ ಮುಂದಿನ ಪಂದ್ಯದ ಭವಿಷ್ಯವನ್ನು ಹೇಳುತ್ತಾನೆ. ನಮ್ಮ ರೈತನು ಪಂದ್ಯದ ಫಲವನ್ನು ನೋಡಿ ಬೆಳೆಯ ಭವಿಷ್ಯವನ್ನು ಹೇಳುತ್ತಾನೆ. ಬಿಳಿಯ ಎತ್ತು ಕರಿ ಹರಿದರೆ ಬಿಳಿಜೋಳ, ಹತ್ತಿ ಮುಂತಾದ ಬಿಳಿಯ ಬೆಳೆಗಳು ಚೆನ್ನಾಗಿ ಬರುವುವು. ಕೆಂದ ಎತ್ತು ಹರಿದರೆ ಗೋದಿ, ಕಡಲೆ ಮುಂತಾದ ಕೆಂಬಣ್ಣದವು. ಊರಿಂದೂರಿಗೆ ಬೆಳೆಗಳ ಪಟ್ಟಿ ಬದಲಾಗುವುದು, ತತ್ತ್ವ ಒಂದೇ. ಇದನ್ನು ಮೂಢನಂಬಿಕೆಯೆಂದು ನಕ್ಕುಬಿಡುವುದು ಸುಲಭ. ಎತ್ತಿನ ಬಣ್ಣಕ್ಕೂ ಮೋಡಕ್ಕೂ ಸಂಬಂಧವಿಲ್ಲವೆಂದು ನಾನೂ ಬಲ್ಲೆ. ಆದರೆ ಬಿತ್ತನೆಗೆ ಮುಂಚೆ ಊರಿನ ಎತ್ತುಗಳೆಲ್ಲವನ್ನೂ ಊರಿನ ಕಣ್ಣಿನೆದುರಿಗೆ ಓಡಿಸಿ ನೋಡಿದರೆ, ಯಾರ ಎತ್ತು ಮೇಯ್ದು ಮೈದುಂಬಿದೆ, ಯಾವುದು ಕುಂಟುತ್ತಿದೆ, ಯಾರ ಮನೆಯಲ್ಲಿ ಬೇಸಗೆಯ ಮೇವು ಸಾಲದೆ ಹೋಯಿತು ಎಂಬುದೆಲ್ಲ ಒಂದು ಸಂಜೆಯಲ್ಲಿ ಬಯಲಾಗುವುದು. ಉಳುಮೆಯ ಮುನ್ನ ನಡೆಯುವ ಸೈನ್ಯದ ತಪಾಸಣೆಯಂತೆ ಇದೆಯೆಂದು ನನಗೆ ತೋರುತ್ತದೆ. ವೆಲ್ಲೆಸ್ಲಿಯ ತೋಪುಗಳನ್ನು ಎಳೆದ ಎತ್ತುಗಳ ನಾಡಿನಲ್ಲಿ ಈ ಹೋಲಿಕೆ ಅತಿಯಾಗದು. ಮೈಸೂರು ಅರಸರ ಬೆಣ್ಣೆ ಚಾವಡಿಯೇ ಟೀಪುವಿನ ಕೈಯಲ್ಲಿ ಅಮೃತ ಮಹಲಾಗಿ, ದಂಡಿನ ವೇಗಕ್ಕೆ ಆಧಾರವಾದುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿಯೇ ಇದೆ.

ಕರಿಯ ಓಟದಲ್ಲಿ ಬೆನ್ನ ಮೇಲೆ ಭಾರವಿಲ್ಲ, ನೆಗೆದು ಬೀಳುವ ಬೇಲಿಯಿಲ್ಲ. ಹಗ್ಗ ಸೋಲುವುದೇ ಹೊರತು ಎತ್ತಲ್ಲ. ಹಾಗೆಂದು ನಮ್ಮ ಕಡೆಯ ಎಲ್ಲ ಓಟಗಳೂ ನಿರಪಾಯವೆಂದು ಹೇಳಲಾಗದು. ೧೯೯೭ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಹಾವೇರಿಯ ಕಡೆಯಲ್ಲಿ ದೀಪಾವಳಿಯ ಹೊತ್ತಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಅದನ್ನು ತಡೆದು ಕೊಬ್ಬರಿ ಕೀಳಹೋದ ಯುವಕರು ಇರಿತಕ್ಕೆ ಸಿಕ್ಕಿ ಸತ್ತುದೂ ಉಂಟು. ಬಂಡಿಯ ಪಂದ್ಯಗಳಲ್ಲಿ ಬಾರುಕೋಲಿನ ಹೊಡೆತವನ್ನು ಕಂಡವರಾರೂ ಅದನ್ನು ಸಮರ್ಥಿಸಲಾರರು. ೨೦೧೪ರ ಮೇ ೭ರಂದು ಸುಪ್ರೀಮ್ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಬಂಡಿಯ ಓಟವನ್ನೂ ನಿಷೇಧಿಸಿತು. ೨೦೧೭ರಲ್ಲಿ ಕರ್ನಾಟಕದ ವಿಧಾನಮಂಡಲವು ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿಯನ್ನು ಮಾಡಿತು. ೨೦೨೩ರ ಮೇ ೧೮ರಂದು ಐವರು ನ್ಯಾಯಾಧೀಶರ ಪೀಠವು ಅದನ್ನು ಎತ್ತಿಹಿಡಿಯಿತು. ಈ ತೀರ್ಪುಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳ ರಾಜ್ಯ ಕಾನೂನು ವಿಶ್ವವಿದ್ಯಾಲಯವು ೨೦೦೯ರಿಂದ ನಮ್ಮ ನವನಗರದಲ್ಲಿಯೇ ಇದೆ.

ನವನಗರದ ಹೆಸರನ್ನೆತ್ತಿದ ಮೇಲೆ ಇನ್ನೊಂದು ಮಾತು. ಹುಬ್ಬಳ್ಳಿ ಧಾರವಾಡಗಳೆರಡೂ ೧೯೬೨ರಲ್ಲಿ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ ಮೇಲೆ, ಅವೆರಡರ ನಡುವಣ ಬಯಲಿನಲ್ಲಿ ಎದ್ದ ಬಡಾವಣೆ ಇದು. ಹಳೆಯ ಊರುಗಳಿಗೆ ಇರುವಂತೆ ಇದಕ್ಕೆ ಕೋಟೆಯಿಲ್ಲ, ಹುಡೆಯಿಲ್ಲ, ಅಗಸಿಯಿಲ್ಲ. ಕರಿ ಕಟ್ಟಬೇಕೆಂದರೆ ಎರಡು ವಿದ್ಯುತ್ ಕಂಬಗಳ ನಡುವೆ ಕಟ್ಟಬೇಕು. ಸುತ್ತಣ ಹಳ್ಳಿಗಳಲ್ಲಿಯೂ ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ವಿರಳವಾಗುತ್ತ ನಡೆದಿವೆ. ಉಳುವುದಕ್ಕೆ ಬೇಡವಾದ ಎತ್ತನ್ನು ಓಡಿಸುವುದಕ್ಕಾಗಿಯೇ ಸಾಕುವವನು ಬೇರೊಂದು ಬಗೆಯ ಮನುಷ್ಯ. ಅವನಿಗೆ ಬಹುಮಾನ ಬೇಕು, ಹೆಸರು ಬೇಕು, ಬೆಲೆ ಬೇಕು. ಇಂಗ್ಲೆಂಡಿನಲ್ಲಿ ಬೇಟೆಯ ಕುದುರೆಯು ಪಂದ್ಯದ ಕುದುರೆಯಾದುದು ಹೀಗೆಯೇ. ನಮ್ಮಲ್ಲಿಯೂ ಬೇಸಾಯದ ಎತ್ತು ಪಂದ್ಯದ ಎತ್ತಾದರೆ, ಬಣ್ಣ ನೋಡಿ ಬೆಳೆ ಹೇಳುವ ಜಾಗದಲ್ಲಿ ಕಾಲು ನೋಡಿ ಹಣ ಕಟ್ಟುವವನು ಬಂದು ನಿಲ್ಲುವುದು ದೂರವಿಲ್ಲವೆಂದು ನನಗೆ ಭಯ. ಕೆಲವು ಕಡೆ ಬಂಡಿಯ ಪಂದ್ಯಗಳಲ್ಲಿ ದೊಡ್ಡ ಬಹುಮಾನಗಳ ಪ್ರಕಟಣೆಗಳನ್ನು ಗೋಡೆಗಳ ಮೇಲೆ ಕಾಣುವುದುಂಟು.

ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲದ ಮಣ್ಣನ್ನು ತಂದು ಜೋಡಿ ಎತ್ತುಗಳನ್ನು ಮಾಡಿ, ಮುಂದೆ ಗ್ವಾದಲಿಯನ್ನಿಟ್ಟು ಪೂಜಿಸುತ್ತಾರೆ. ಹಟ್ಟಿಯಲ್ಲಿ ಎತ್ತಿಲ್ಲದ ಮನೆಗಳಲ್ಲಿಯೂ ಈ ಹಬ್ಬ ತಪ್ಪಿಲ್ಲ. ನವನಗರದ ಮನೆಗಳಿಗೂ ಆ ಹೊತ್ತಿಗೆ ಹುಬ್ಬಳ್ಳಿಯ ಪೇಟೆಯಿಂದ ಮಣ್ಣಿನ ಎತ್ತುಗಳು ಬರುತ್ತವೆ, ಜೋಡಿಗೆ ಇಷ್ಟೆಂದು ಬೆಲೆ ಕಟ್ಟಿಸಿಕೊಂಡು.